ಗದ್ದರ್: ಬೀದಿಯಿಂದ ಬೆಳ್ಳಿತೆರೆವರೆಗೆ ತೆಲಂಗಾಣದ ‘ಪ್ರಜಾ ಗಾಯಕ’ನ ಹಾಡಿನ ಹಾದಿ

ಹೈದರಾಬಾದ್: ಸರ್ಕಾರ ಕೊಟ್ಟ ಸಿನಿಮಾ ಪ್ರಶಸ್ತಿಯನ್ನು ಒಮ್ಮೆ ಬೇಡವೆಂದಿದ್ದ ಗಾಯಕನ ಹೆಸರಿನಲ್ಲೇ ಈಗ ತೆಲಂಗಾಣ ಸರ್ಕಾರ ಸಿನಿಮಾ ಪ್ರಶಸ್ತಿ ನೀಡುತ್ತಿದೆ. ಆ ಗಾಯಕ ಗುಮ್ಮಡಿ ವಿಠ್ಠಲ್ ರಾವ್. ಜನ ಅವರನ್ನು ಬಲ್ಲದ್ದು ಗದ್ದರ್ ಎಂದು. ಹಾಡನ್ನು ತಾವೇ ಕಟ್ಟಿ, ಕುಣಿಯುತ್ತಾ ಹಾಡುತ್ತಿದ್ದ ಅವರ ಸುಮಾರು ಐದು ದಶಕಗಳ ಪಯಣದ ವಿವರ ಇಲ್ಲಿದೆ.

ಬ್ಯಾಂಕ್ ಗುಮಾಸ್ತನಾಗಿದ್ದ ಗಾಯಕ

ಮೆದಕ್ ಜಿಲ್ಲೆಯ ತೂಪ್ರಾನ್‌ನ ದಲಿತ ಕುಟುಂಬದಲ್ಲಿ ಹುಟ್ಟಿದ ಅವರು ಹೈದರಾಬಾದ್‌ನಲ್ಲಿ ಎಂಜಿನಿಯರಿಂಗ್ ಓದಲು ಸೇರಿದ್ದರು. 1970ರ ದಶಕದ ಆರಂಭದಲ್ಲಿ ಚಿತ್ರ ನಿರ್ದೇಶಕ ಬಿ. ನರಸಿಂಗ ರಾವ್ ಅವರ ಒತ್ತಾಸೆಯಿಂದ ರಿಕ್ಷಾ ಕಾರ್ಮಿಕನ ಕುರಿತು ಮೊದಲ ಹಾಡು ಬರೆದರು. ‘ಗದ್ದರ್’ ಎಂಬುದು ಸ್ವಾತಂತ್ರ್ಯಪೂರ್ವದ ಗದರ್ ಪಕ್ಷದ ನೆನಪಿಗೆ ಇಟ್ಟುಕೊಂಡ ಹೆಸರು. ಮೊದಲ ಆಲ್ಬಂಗೂ ಅದೇ ಹೆಸರಿತ್ತು. 1975ರಲ್ಲಿ ಮಂಗಳೂರು ಮೂಲದ ಕೆನರಾ ಬ್ಯಾಂಕ್‌ನಲ್ಲಿ ಗುಮಾಸ್ತರಾಗಿ ಸೇರಿದ ಅವರು, 1984ರಲ್ಲಿ ಕೆಲಸ ಬಿಟ್ಟು ಜನ ನಾಟ್ಯ ಮಂಡಳಿಯಲ್ಲಿ ಪೂರ್ಣ ಪ್ರಮಾಣದಲ್ಲಿ ತೊಡಗಿಕೊಂಡರು.

ಒಂದೇ ಹಾಡಿನಲ್ಲಿ ಹಲವು ಪ್ರಕಾರ

ಒಬ್ಬ ಮುಖ್ಯ ಕಥೆಗಾರ, ಇಬ್ಬರು ಜೊತೆಗಾರರು ನಡೆಸಿಕೊಡುವ ಬುರ್ರಕಥೆ, ಕುರುಬ ಸಮುದಾಯದ ಒಗ್ಗು ಕಥೆ, ಬೀದಿ ನಾಟಕ, ಜೋಗುಳ, ಹೊಲದ ಕೆಲಸದ ಹಾಡು ಎಲ್ಲವೂ ಅವರ ಪ್ರದರ್ಶನದಲ್ಲಿ ಬೆರೆಯುತ್ತಿದ್ದವು. ಗುಂಪು ಪಲ್ಲವಿ ಹಿಡಿದರೆ ನಡುನಡುವೆ ಗದ್ದರ್ ಮಾತಾಡುತ್ತಿದ್ದರು. ಧಾಟಿ ಜನರಿಗೆ ಗೊತ್ತಿದ್ದದ್ದೇ, ಮಾತು ಮಾತ್ರ ಕೂಲಿ, ಭೂಮಿ, ಜಾತಿಯದ್ದು. ಹೆಗಲ ಮೇಲೆ ಕರಿ ಕಂಬಳಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕೋಲು ಅವರ ಗುರುತಾಯಿತು. ಕರ್ನಾಟಕದಲ್ಲಿ ದಲಿತ ಚಳವಳಿಯ ಹಾಡುಗಳು ಮೊಳಗಿದ್ದೂ ಇದೇ ಕಾಲದಲ್ಲಿ.

ಭೂಗತ ಬದುಕು, ಗುಂಡಿನ ದಾಳಿ

ನಕ್ಸಲ್ ಚಳವಳಿಯ ನಂಟಿನಿಂದಾಗಿ 1985ರಲ್ಲಿ ಭೂಗತರಾದರು. 1990ರ ಫೆಬ್ರವರಿಯಲ್ಲಿ ಹೊರಬಂದಾಗ ಹೈದರಾಬಾದ್‌ನ ನಿಜಾಂ ಕಾಲೇಜು ಮೈದಾನದಲ್ಲಿ ಭಾರೀ ಜನಸಾಗರ ಸೇರಿತ್ತು. 1997ರ ಏಪ್ರಿಲ್ 6ರಂದು ಅವರ ಮನೆಯಲ್ಲೇ ಗುಂಡಿನ ದಾಳಿ ನಡೆಯಿತು. ಬದುಕುಳಿದರೂ ಒಂದು ಗುಂಡು ಬೆನ್ನುಮೂಳೆಯ ಬಳಿ ಕೊನೆಯವರೆಗೂ ಉಳಿಯಿತು. ಅದನ್ನು ಹೊತ್ತೇ ಅವರು ವೇದಿಕೆಗಳಲ್ಲಿ ಕುಣಿದು ಹಾಡಿದರು.

ಸಿನಿಮಾದಲ್ಲಿ ಗದ್ದರ್

ತೆಲಂಗಾಣ ರೈತ ಹೋರಾಟದ ಕುರಿತ, ಗೌತಮ್ ಘೋಷ್ ನಿರ್ದೇಶನದ ‘ಮಾ ಭೂಮಿ’ ಚಿತ್ರದಲ್ಲಿ ಗದ್ದರ್ ತೆರೆಯ ಮೇಲೂ ಕಾಣಿಸಿಕೊಂಡು ಹಾಡಿದರು. ಅಲ್ಲಿ ಹಾಡಿದ್ದು ಬಂಡಿ ಯಾದಗಿರಿ ಬರೆದ ಹೋರಾಟದ ಗೀತೆ. 1995ರ ‘ಒರೇಯ್ ರಿಕ್ಷಾ’ ಚಿತ್ರಕ್ಕೆ ಅವರು ಬರೆದ ಅಣ್ಣ-ತಂಗಿಯ ಹಾಡು ಮನೆಮಾತಾಯಿತು. ಅದಕ್ಕೆ ಬಂದ ನಂದಿ ಪ್ರಶಸ್ತಿಯನ್ನು ಅವರು ನಿರಾಕರಿಸಿದರು. ಪ್ರತ್ಯೇಕ ರಾಜ್ಯದ ಹೋರಾಟ ಕಾವೇರಿದ್ದಾಗ ಬಂದ ‘ಜೈ ಬೋಲೋ ತೆಲಂಗಾಣ’ (2011) ಚಿತ್ರದ ಹಾಡು ಚಳವಳಿಯ ಗೀತೆಯೇ ಆಯಿತು. ಈ ಹಾಡಿಗೆ ಶ್ರೇಷ್ಠ ಗಾಯಕ ನಂದಿ ಪ್ರಶಸ್ತಿ ಲಭಿಸಿತು.

ಬುಲೆಟ್‌ನಿಂದ ಬ್ಯಾಲೆಟ್‌ಗೆ

ಚುನಾವಣೆ ಬಹಿಷ್ಕರಿಸಿ ಎಂದು ಹಾಡುತ್ತಿದ್ದ ಚಳವಳಿಯಿಂದ ಬಂದ ಗದ್ದರ್, ಮಾವೋವಾದಿಗಳಿಂದ ದೂರವಾಗಿ 2018ರಲ್ಲಿ ಮೊದಲ ಬಾರಿ ಮತ ಹಾಕಿದರು. 2023ರಲ್ಲಿ ಗದ್ದರ್ ಪ್ರಜಾ ಪಾರ್ಟಿಯನ್ನು ಘೋಷಿಸಿದ ಕೆಲವೇ ವಾರಗಳಲ್ಲಿ, ಆಗಸ್ಟ್ 6ರಂದು ಹೈದರಾಬಾದ್‌ನಲ್ಲಿ ನಿಧನರಾದರು.

ಅವರ ಅಂತ್ಯಕ್ರಿಯೆ ಸರ್ಕಾರಿ ಗೌರವಗಳೊಂದಿಗೆ ನಡೆಯಿತು. ಹಿಂದೆ ಪೊಲೀಸರ ಕಣ್ಣು ತಪ್ಪಿಸಿ ಓಡಾಡಿದ್ದ ಗಾಯಕನಿಗೆ ಪೊಲೀಸ್ ಗೌರವ ಸಲ್ಲಿಸಿದ್ದಕ್ಕೆ ಆಕ್ಷೇಪವೂ ಕೇಳಿಬಂದಿತ್ತು. ನಂದಿ ಪ್ರಶಸ್ತಿಗಳ ಬದಲಿಗೆ ಗದ್ದರ್ ಹೆಸರಿನ ಪ್ರಶಸ್ತಿ ನೀಡುವುದಾಗಿ ಮುಖ್ಯಮಂತ್ರಿ ರೇವಂತ್ ರೆಡ್ಡಿ 2024ರ ಜನವರಿಯಲ್ಲಿ ಪ್ರಕಟಿಸಿದರು. 2025ರ ಜೂನ್‌ನಲ್ಲಿ ಹೈದರಾಬಾದ್‌ನಲ್ಲಿ ಮೊದಲ ಬಾರಿ ಆ ಪ್ರಶಸ್ತಿಗಳ ಪ್ರದಾನ ನಡೆಯಿತು.