ಅಪರಾಧಶಾಸ್ತ್ರ ಶಿಕ್ಷಣ: ಕ್ರೈಸ್ತ ದೃಷ್ಟಿ

ಅಪರಾಧ, ಶಿಕ್ಷೆ, ಸುಧಾರಣೆಗಳನ್ನು ಪಶ್ಚಾತ್ತಾಪ ಮತ್ತು ಕ್ಷಮೆಯ ಕ್ರೈಸ್ತ ಚಿಂತನೆಯ ಬೆಳಕಿನಲ್ಲಿ ನೋಡುವ ಅಧ್ಯಯನ ಕ್ರಮ. ಸೆರೆಯಲ್ಲಿರುವವರನ್ನು ಹೋಗಿ ಕಾಣುವುದನ್ನು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ಪುಣ್ಯಕಾರ್ಯಗಳ ಸಾಲಿಗೆ ಸೇರಿಸಿದೆ. ಇಂಗ್ಲೆಂಡಿನಲ್ಲಿ ಸೆರೆಮನೆಗಳ ದುಃಸ್ಥಿತಿಯನ್ನು 1777ರಲ್ಲಿ ಪುಸ್ತಕವಾಗಿಸಿದ ಜಾನ್ ಹೊವರ್ಡ್, ಆಮೇಲೆ ಬಂದ ಸೆರೆಮನೆ ಸುಧಾರಕಿ ಎಲಿಜಬೆತ್ ಫ್ರೈ ಇಬ್ಬರಿಗೂ ಈ ನಂಬಿಕೆಯೇ ಪ್ರೇರಣೆ.

ಉತ್ತರ ಕರ್ನಾಟಕದಲ್ಲಿ ಈ ಚರಿತ್ರೆಯನ್ನು ಸೆಟ್ಲಮೆಂಟಿನಿಂದಲೇ, ಅಂದರೆ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದ ಸಮುದಾಯಗಳನ್ನು ಕೂಡಿಹಾಕಿದ ವಸತಿಯಿಂದಲೇ, ಹೇಳಬೇಕು. 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮುಂಬಯಿ ಪ್ರಾಂತಕ್ಕೂ ಅನ್ವಯಿಸಿದಾಗ ಬೈಲಹೊಂಗಲ, ಸವದತ್ತಿ ಸೀಮೆಯೂ ಅದರ ವ್ಯಾಪ್ತಿಗೆ ಬಂತು. ಗಂಟಿಚೋರರಂಥ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ. ಐಸಿಎಸ್ ಅಧಿಕಾರಿ ಓ. ಎಚ್. ಬಿ. ಸ್ಟಾರ್ಟ್ ಅವರ ಉಸ್ತುವಾರಿಯಲ್ಲಿ ವಿಜಯಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು ನಡೆದವು. ಸೊಲ್ಲಾಪುರದ್ದನ್ನು ಕ್ರೈಸ್ತ ಸಂಸ್ಥೆಯಾದ ಅಮೆರಿಕನ್ ಮರಾಠಿ ಮಿಷನ್ ನೋಡಿಕೊಂಡಿತು. ತಂತಿಬೇಲಿ, ಹಾಜರಿ, ಹೊರಗೆ ಹೋಗಲು ಪಾಸು. ಜೊತೆಗೆ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಗಿರಣಿ ಕೆಲಸ. ದಂಡಿಸುವುದಕ್ಕಿಂತ ತಿದ್ದುವುದು ಮೇಲೆಂಬ ಮಿಷನರಿಗಳ ನಂಬಿಕೆ ಪ್ರಾಮಾಣಿಕವಾದದ್ದೇ. ಆದರೆ ತಪ್ಪೇ ಮಾಡದವರನ್ನೂ ಕೂಡಿಹಾಕುವ ಕಾನೂನಿಗೆ ಅವರು ಕೈಜೋಡಿಸಿದ್ದನ್ನು ಅನ್ಯಾಯವೆಂದೇ ಕರೆಯಬೇಕು. 1952ರ ಆಗಸ್ಟ್ 31ರಂದು ಕಾಯ್ದೆ ದೇಶದಾದ್ಯಂತ ರದ್ದಾಯಿತು. ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಇನ್ನೂ ಅಳಿದಿಲ್ಲ.

ಅಪರಾಧಶಾಸ್ತ್ರ ತರಗತಿಯ ಪಾಠವಾಗಲು ದಾರಿ ಮಾಡಿಕೊಟ್ಟದ್ದು ಸಮಾಜಕಾರ್ಯ ಶಿಕ್ಷಣ. ಮಿಷನರಿ ಕ್ಲಿಫರ್ಡ್ ಮ್ಯಾನ್ಷಾರ್ಡ್ 1936ರಲ್ಲಿ ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆಯ ಮೊದಲ ನಿರ್ದೇಶಕರಾದರು. ಮಂಗಳೂರಿನ ರೋಶನಿ ನಿಲಯವನ್ನು ಕ್ಯಾಥೊಲಿಕ್ ಸನ್ಯಾಸಿನಿಯರು 1960ರಲ್ಲಿ ತೆರೆದರು; ಅಲ್ಲಿ ಸಮಾಜಕಾರ್ಯದೊಂದಿಗೆ ಅಪರಾಧಶಾಸ್ತ್ರ, ವಿಧಿವಿಜ್ಞಾನಗಳನ್ನೂ ಕಲಿಸಲಾಗುತ್ತದೆ. ಬೈಲಹೊಂಗಲದ ವಿದ್ಯಾರ್ಥಿಗಳಿಗೆ ಅಪರಾಧಶಾಸ್ತ್ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಸಿಗುತ್ತದೆ. ಅದು ಸರ್ಕಾರಿ ಸಂಸ್ಥೆ, ಧಾರ್ಮಿಕ ನೆಲೆಯದಲ್ಲ.

ಪಶ್ಚಾತ್ತಾಪ, ಕ್ಷಮೆಗಳ ಚಿಂತನೆ ಕಾರ್ಯರೂಪಕ್ಕೆ ಬಂದ ಇನ್ನೊಂದು ಬಗೆಯೂ ಇದೆ. 1974ರಲ್ಲಿ ಕೆನಡಾದ ಎಲ್ಮಿರಾದಲ್ಲಿ ಆಸ್ತಿಪಾಸ್ತಿ ಹಾಳುಮಾಡಿದ್ದ ಇಬ್ಬರು ಯುವಕರನ್ನು ಮೆನೊನೈಟ್ ಎಂಬ ಕ್ರೈಸ್ತ ಪಂಥದ ಪ್ರೊಬೇಷನ್ ಅಧಿಕಾರಿಯೊಬ್ಬರು ಹಾನಿಗೊಳಗಾದವರ ಮನೆಮನೆಗೆ ಕರೆದೊಯ್ದರು. ತಪ್ಪಿತಸ್ಥರು ನೊಂದವರ ಎದುರೇ ನಿಂತು ನಷ್ಟ ತುಂಬಿಕೊಡುವ ಈ ಕ್ರಮಕ್ಕೆ ಅಪರಾಧಶಾಸ್ತ್ರಜ್ಞ ಹೊವರ್ಡ್ ಜೆರ್ 1990ರ ಗ್ರಂಥದಲ್ಲಿ ಸಿದ್ಧಾಂತದ ರೂಪ ಕೊಟ್ಟರು. ಈ ಶಾಖೆಯ ಅತ್ಯುತ್ತಮ ಕೊಡುಗೆ ಇದೇ. ನಮ್ಮ ನಾಡಿನಲ್ಲಿ ಇದನ್ನು ಬೋಧಿಸುವವರು ಸೆಟ್ಲಮೆಂಟುಗಳ ಚರಿತ್ರೆಯನ್ನೂ ಅದೇ ಪಠ್ಯಕ್ರಮಕ್ಕೆ ಸೇರಿಸಬೇಕು.