ಕಲುಷಿತ ಮಣ್ಣು ಮತ್ತು ಅಂತರ್ಜಲದ ಶುದ್ಧೀಕರಣ

ಕಲುಷಿತ ಮಣ್ಣು ಮತ್ತು ಅಂತರ್ಜಲದ ಶುದ್ಧೀಕರಣವೆಂದರೆ ಕೈಗಾರಿಕೆ, ಗಣಿಗಾರಿಕೆ, ತ್ಯಾಜ್ಯ ವಿಲೇವಾರಿ ಅಥವಾ ಇಂಧನ ಸೋರಿಕೆಯಿಂದ ನೆಲಕ್ಕೆ ಸೇರಿದ ವಿಷಕಾರಿ ವಸ್ತುಗಳನ್ನು ತೆಗೆಯುವ, ನಾಶಪಡಿಸುವ ಇಲ್ಲವೇ ಹರಡದಂತೆ ತಡೆಯುವ ಕ್ರಿಯೆ. ಎಲ್ಲ ಸ್ಥಳಗಳಿಗೂ ಹೊಂದುವ ಒಂದೇ ವಿಧಾನವಿಲ್ಲ. ಮಾಲಿನ್ಯಕಾರಕದ ಸ್ವಭಾವ, ಶಿಲೆ ಮತ್ತು ಮಣ್ಣಿನ ರಚನೆ, ವೆಚ್ಚ, ಕಾಲಾವಧಿ ಹಾಗೂ ಭೂಮಿಯ ಮುಂದಿನ ಬಳಕೆಯನ್ನು ತೂಗಿ ನೋಡಿ ವಿಧಾನವನ್ನು ಆರಿಸಲಾಗುತ್ತದೆ.

ಮಣ್ಣಿನ ಶುದ್ಧೀಕರಣ

- ಅಗೆದು ಸಾಗಿಸುವುದು: ಕಲುಷಿತ ಮಣ್ಣನ್ನು ತೆಗೆದು ಸುರಕ್ಷಿತ ಭೂಭರ್ತಿಗೆ ಒಯ್ಯಲಾಗುತ್ತದೆ. ಇದು ಶೀಘ್ರವಾದರೂ ದುಬಾರಿ. ವಿಷವು ನಾಶವಾಗದೆ ಸ್ಥಳವನ್ನಷ್ಟೇ ಬದಲಿಸುತ್ತದೆ.
- ಜೈವಿಕ ವಿಧಾನ: ಸೂಕ್ಷ್ಮಜೀವಿಗಳು ಪೆಟ್ರೋಲ್, ಡೀಸೆಲ್‌ಗಳಂತಹ ಸಾವಯವ ವಸ್ತುಗಳನ್ನು ವಿಘಟಿಸುತ್ತವೆ. ಲೋಹಗಳು ವಿಘಟನೆ ಹೊಂದುವುದಿಲ್ಲ.
- ಸಸ್ಯಗಳ ಬಳಕೆ: ಸಾಸಿವೆಯಂತಹ ಸಸ್ಯಗಳು ಕೆಲವು ಲೋಹಗಳನ್ನು ಹೀರುತ್ತವೆ; ಲಾವಂಚದ ಆಳವಾದ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ವೆಚ್ಚ ಕಡಿಮೆ, ಆದರೆ ಹಲವು ವರ್ಷಗಳು ಬೇಕು. ಲೋಹ ಹೀರಿದ ಸಸ್ಯಗಳನ್ನು ಮೇವಾಗಿ ಬಳಸುವಂತಿಲ್ಲ.
- ತೊಳೆಯುವುದು ಮತ್ತು ಕಾಯಿಸುವುದು: ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸಯುಕ್ತ ಮಣ್ಣಿಗೆ ಈ ವಿಧಾನಗಳನ್ನು ಆರಿಸಲಾಯಿತು. ಪ್ರತಿ ಕಿಲೋಗ್ರಾಂ ಮಣ್ಣಿನಲ್ಲಿ 20 ಮಿಲಿಗ್ರಾಂ ಪಾದರಸವೆಂಬ ಗುರಿ ಸಾಕೇ ಎಂಬುದು ಅಲ್ಲಿ ದೀರ್ಘಕಾಲ ವಿವಾದವಾಗಿತ್ತು.

ಅಂತರ್ಜಲದ ಶುದ್ಧೀಕರಣ

ನೀರನ್ನು ಮೇಲೆತ್ತಿ ಸಂಸ್ಕರಿಸುವುದು ಹಳೆಯ ವಿಧಾನ. ಇದು ಮಾಲಿನ್ಯದ ಹರಿವನ್ನು ತಡೆಯುತ್ತದೆ. ಆದರೆ ಮಣ್ಣಿನ ಕಣಗಳಿಗೆ ಅಂಟಿದ ವಿಷವು ನಿಧಾನವಾಗಿ ಬಿಡುಗಡೆಯಾಗುವುದರಿಂದ ದಶಕಗಳೇ ಹಿಡಿಯಬಹುದು. ಹರಿವಿಗೆ ಅಡ್ಡಲಾಗಿ ಕಬ್ಬಿಣದ ಚೂರು ತುಂಬಿದ ಕಂದಕವನ್ನು ನಿರ್ಮಿಸಿದರೆ, ಹಾದುಹೋಗುವ ನೀರಿನ ಕೆಲವು ಮಾಲಿನ್ಯಕಾರಕಗಳು ರಾಸಾಯನಿಕ ಕ್ರಿಯೆಯಿಂದ ನಿರಪಾಯಕಾರಿಯಾಗುತ್ತವೆ. ಇದಕ್ಕೆ ನಿರಂತರ ವಿದ್ಯುತ್ ಬೇಕಿಲ್ಲ.

ಕರ್ನಾಟಕದ ನಿದರ್ಶನಗಳು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಪತ್ತೆಯಾಗಿದೆ. ಲೋಹಲೇಪನ ಘಟಕಗಳ ತ್ಯಾಜ್ಯಜಲದಲ್ಲಿ ಇದು ಸಾಮಾನ್ಯ. ಇದನ್ನು ಕಡಿಮೆ ವಿಷಕಾರಿಯೂ ನೀರಿನಲ್ಲಿ ಸುಲಭವಾಗಿ ಕರಗದುದೂ ಆದ ಟ್ರೈವೇಲೆಂಟ್ ರೂಪಕ್ಕೆ ಪರಿವರ್ತಿಸಬಹುದು. ಆದರೆ ಇಲ್ಲಿನ ಗಟ್ಟಿಶಿಲೆಯಲ್ಲಿ ನೀರು ಬಿರುಕುಗಳ ಮೂಲಕ ಚಲಿಸುವುದರಿಂದ ಮಾಲಿನ್ಯದ ಹಾದಿಯನ್ನು ಗುರುತಿಸುವುದೂ ಕಂದಕ ತೋಡುವುದೂ ಕಷ್ಟ.

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ಬೇರ್ಪಡಿಸಿದ ನಂತರ ಉಳಿದ ನುಣುಪು ಪುಡಿಯ ರಾಶಿಗಳನ್ನು ಸ್ಥಳೀಯರು ಸಯನೈಡ್ ಗುಡ್ಡಗಳೆನ್ನುತ್ತಾರೆ. ಸಯನೈಡ್ ಬಿಸಿಲು ಮತ್ತು ಗಾಳಿಗೆ ಕ್ರಮೇಣ ವಿಘಟನೆ ಹೊಂದುತ್ತದೆ. ಲೋಹಗಳು ಹಾಗೆಯೇ ಉಳಿಯುತ್ತವೆ ಮತ್ತು ಗಾಳಿಗೆ ಧೂಳು ಊರಿನತ್ತ ಹಾರುತ್ತದೆ. ಮಣ್ಣು ಹೊದಿಸಿ ಗಿಡ ಬೆಳೆಸಿದರೆ ಧೂಳು ತಗ್ಗುತ್ತದೆ. ಮರುಸಂಸ್ಕರಣೆಯಿಂದ ಉಳಿದ ಚಿನ್ನ ದೊರೆತು ವೆಚ್ಚದ ಭಾಗ ಹಿಂತಿರುಗಬಹುದು. ಆದರೆ ರಾಶಿಯನ್ನು ಕೆದಕಬೇಕಾಗುತ್ತದೆ, ಹೊಸ ತ್ಯಾಜ್ಯಕ್ಕೂ ಸುರಕ್ಷಿತ ನೆಲೆ ಬೇಕು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಸುಮಾರು 3.3 ಕೋಟಿ ಟನ್ ತ್ಯಾಜ್ಯವಿರುವ 13 ರಾಶಿಗಳಲ್ಲಿ ಗಣಿಗಾರಿಕೆಗೆ ಸಮ್ಮತಿಸಿತು.

ಕಾನೂನು

ಕೇಂದ್ರ ಸರ್ಕಾರವು 2025ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ, 1986ರ ಅಡಿಯಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮಾಲಿನ್ಯ ಉಂಟುಮಾಡಿದವರೇ ಶುದ್ಧೀಕರಣದ ವೆಚ್ಚವನ್ನು ಭರಿಸಬೇಕೆಂಬುದು ಇದರ ಮುಖ್ಯ ತತ್ವ.