ಮೆಡಿಕಲ್ ಶಾಪಿನ ಐಸ್ ನೀರು

ಅಮೆರಿಕದ ಸೌತ್ ಡಕೋಟಾ ರಾಜ್ಯದಲ್ಲಿ ವಾಲ್ ಅಂತ ಒಂದು ಊರಿದೆ. ಇವತ್ತಿಗೂ ಜನಸಂಖ್ಯೆ 700ರ ಆಸುಪಾಸು. ಬೆಂಗಳೂರಿನ ಒಂದು ಸಾಧಾರಣ ಅಪಾರ್ಟ್‌ಮೆಂಟಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರ್ತಾರೆ. ಆ ಊರಿನ ಮೆಡಿಕಲ್ ಶಾಪಿಗೆ ವರ್ಷಕ್ಕೆ ಸುಮಾರು 20 ಲಕ್ಷ ಜನ ಬಂದು ಹೋಗ್ತಾರಂತೆ. ಔಷಧಿ ತಗೊಳ್ಳೋಕೆ ಅಲ್ಲ!

ಅಂಗಡಿಯ ಹೆಸರು ವಾಲ್ ಡ್ರಗ್. ಅದನ್ನು ಕಟ್ಟಿದವನು ಟೆಡ್ ಹಸ್ಟೆಡ್. ಫಾರ್ಮಸಿ ಓದಿದವನು. ತಂದೆ ಬಿಟ್ಟುಹೋದ 3,000 ಡಾಲರ್ ಕೈಯಲ್ಲಿತ್ತು. ದಿನಾ ಬಲಿಪೂಜೆ ನಡೆಯುವ ಕ್ಯಾಥೊಲಿಕ್ ಚರ್ಚ್ ಇರೋ ಸಣ್ಣ ಊರು ಬೇಕು ಅನ್ನೋದು ಅವನದೂ ಹೆಂಡತಿ ಡೊರೊಥಿಯದೂ ಷರತ್ತು. ಹುಡುಕಿ ಹುಡುಕಿ 1931ರ ಡಿಸೆಂಬರಿನಲ್ಲಿ ವಾಲ್‌ನ ಅಂಗಡಿ ಕೊಂಡರು.

ಅದಕ್ಕಿಂತ ಕೆಟ್ಟ ಕಾಲ ಇರಲಿಲ್ಲ. ಒಂದು ಕಡೆ ಆರ್ಥಿಕ ಮಹಾಕುಸಿತ, ಇನ್ನೊಂದು ಕಡೆ ಬರ. ಊರಿನವರು ಬಹುತೇಕ ರೈತರು, ಕೈಯಲ್ಲಿ ಕಾಸಿಲ್ಲ. ಅಂಗಡಿಯ ಹಿಂಭಾಗಕ್ಕೆ ಕಂಬಳಿಯನ್ನೇ ಪರದೆ ಮಾಡಿ, ಅಲ್ಲೇ ಸಂಸಾರ. ಐದು ವರ್ಷ ನೋಡೋಣ, ಆಗದಿದ್ದರೆ ಬಿಟ್ಟುಬಿಡೋಣ ಅಂತ ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಈ ಕಥೆ ಹೇಳುವವರೆಲ್ಲ ಇಲ್ಲಿಂದ ನೇರವಾಗಿ 1936ಕ್ಕೆ ಜಿಗಿಯುತ್ತಾರೆ. ನನಗೆ ಕಾಡೋದು ನಡುವಿನ ಆ ನಾಲ್ಕೂವರೆ ವರ್ಷ. ಗಿರಾಕಿ ಇಲ್ಲದ ಅಂಗಡಿಯನ್ನು ಬೆಳಿಗ್ಗೆ ತೆಗೆದು ರಾತ್ರಿ ಮುಚ್ಚೋದು, ಯಾರಿಗೋ ಜ್ವರ ಬಂದಾಗ ಮಾತ್ರ ಕೆಲಸ. ಸ್ಟಾರ್ಟಪ್ ಭಾಷಣಗಳಲ್ಲಿ ಇದಕ್ಕೆ ಒಂದು ಸ್ಲೈಡೂ ಸಿಗೋದಿಲ್ಲ.

1936ರ ಜುಲೈ. ಗಡುವು ಮುಗಿಯಲು ಆರು ತಿಂಗಳೂ ಇಲ್ಲ. ಮಧ್ಯಾಹ್ನ ಮಕ್ಕಳನ್ನು ಮಲಗಿಸಲು ಹೋದ ಡೊರೊಥಿಗೆ ಹೆದ್ದಾರಿಯ ಕಾರುಗಳ ಸದ್ದಿಗೆ ನಿದ್ದೆ ಬರಲಿಲ್ಲ. ಪಶ್ಚಿಮಕ್ಕೆ ಮೌಂಟ್ ರಶ್ಮೋರ್‌ನಲ್ಲಿ ಅಧ್ಯಕ್ಷರ ಮುಖಗಳನ್ನು ಕೆತ್ತುತ್ತಿದ್ದ ಕಾಲ, ಅದನ್ನು ನೋಡೋಕೆ ಹೊರಟವರು ಇದೇ ದಾರಿಯಲ್ಲಿ ಹೋಗ್ತಿದ್ದರು. ಉರಿಬಿಸಿಲು, ಎಸಿ ಇಲ್ಲದ ಕಾರು. ಇವರಿಗೆಲ್ಲ ಏನು ಬೇಕಾಗಿರುತ್ತೆ? ತಣ್ಣನೆ ನೀರು!

ಮೆಡಿಕಲ್ ಶಾಪಲ್ಲಿ ಐಸ್ ಎಲ್ಲಿಂದ ಬಂತು ಅಂತ ಕೇಳ್ತೀರಾ? ಆಗಿನ ಅಮೆರಿಕದಲ್ಲಿ ಔಷಧಿ ಅಂಗಡಿ ಅಂದ್ರೆ ಸೋಡಾ, ಐಸ್‌ಕ್ರೀಮ್ ಕೌಂಟರೂ ಇರುತ್ತಿತ್ತು. ಕೋಕಾ-ಕೋಲಾ, ಪೆಪ್ಸಿ ಎರಡನ್ನೂ ಕಂಡುಹಿಡಿದವರು ಫಾರ್ಮಸಿಸ್ಟುಗಳೇ. ಹಾಗಾಗಿ ಟೆಡ್ ಹತ್ತಿರ ಐಸಿಗೆ ಕೊರತೆ ಇರಲಿಲ್ಲ. ಇದ್ದದ್ದು ಗಿರಾಕಿಗಳ ಕೊರತೆ.

ಐಸ್ ನೀರು ಫ್ರೀ ಅಂತ ಹೇಳುವ ಪ್ರಾಸದ ಸಾಲುಗಳನ್ನು ಡೊರೊಥಿಯೇ ಹೊಸೆದಳು. ಟೆಡ್‌ಗೆ ಇದು ಹುಡುಗಾಟ ಅನ್ನಿಸಿತ್ತು. ಆದರೂ ಒಬ್ಬ ಶಾಲಾ ಹುಡುಗನನ್ನು ಕರಕೊಂಡು ಹೋಗಿ ಹೆದ್ದಾರಿ ಬದಿಯಲ್ಲಿ ಸಾಲಾಗಿ ಹಲಗೆ ನೆಟ್ಟ. ವಾಪಸ್ ಬರೋ ಹೊತ್ತಿಗೆ ಅಂಗಡಿಯಲ್ಲಿ ಜನ! ಮುಂದಿನ ಬೇಸಿಗೆಗೆ ಕೆಲಸಕ್ಕೆ ಎಂಟು ಹುಡುಗಿಯರನ್ನು ಇಟ್ಟುಕೊಳ್ಳಬೇಕಾಯಿತು.

ನಮ್ಮ ಕಡೆ ಬೇಸಿಗೆಯಲ್ಲಿ ಅರವಟ್ಟಿಗೆ ಇಡ್ತಾರಲ್ಲ, ಅದು ಪುಣ್ಯಕ್ಕೆ. ಟೆಡ್‌ನದು ವ್ಯಾಪಾರ, ಅದನ್ನವನು ಮುಚ್ಚಿಟ್ಟವನೂ ಅಲ್ಲ. ನೀರು ಕುಡಿದವರು ಐಸ್‌ಕ್ರೀಮ್ ತಿನ್ನಲಿ ಅನ್ನೋದೇ ಲೆಕ್ಕ. ಆದರೆ ಏನೂ ಕೊಳ್ಳದೆ ಬರೀ ನೀರು ಕುಡಿದು ಹೋದವರನ್ನು ಯಾರೂ ತಡೆಯುತ್ತಿರಲಿಲ್ಲ. ಪುಣ್ಯಕ್ಕೂ ವ್ಯಾಪಾರಕ್ಕೂ ನಡುವೆ ಇಂಥದ್ದೊಂದು ಜಾಗ ಇದೆ ಅಂತ ನಾವು ಒಪ್ಪಿಕೊಳ್ಳೋದು ಕಡಿಮೆ.

ಆಮೇಲೆ ಹಲಗೆಗಳು ಹುಚ್ಚಿನಂತೆ ಹಬ್ಬಿದವು. ಎರಡನೇ ಮಹಾಯುದ್ಧಕ್ಕೆ ಹೋದ ಸೈನಿಕರು ಯೂರೋಪಿನಲ್ಲೂ ವಾಲ್ ಡ್ರಗ್‌ಗೆ ಇಷ್ಟು ಮೈಲಿ ಅಂತ ಬೋರ್ಡು ನೆಟ್ಟರು. ಹೆದ್ದಾರಿಯುದ್ದಕ್ಕೂ ಬೋರ್ಡೋ ಬೋರ್ಡು. ಬಯಲುಸೀಮೆಯ ನೋಟವನ್ನು ಇವು ಕೆಡಿಸಿದವು ಅನ್ನೋ ದೂರಿನಲ್ಲಿ ನನಗೂ ಹುರುಳು ಕಾಣುತ್ತೆ. 1965ರಲ್ಲಿ ಅಮೆರಿಕ ಸರ್ಕಾರ ಹೆದ್ದಾರಿ ಫಲಕಗಳಿಗೆ ಕಡಿವಾಣ ಹಾಕುವ ಕಾನೂನನ್ನೇ ತಂದಿತು. ವಾಲ್ ಡ್ರಗ್‌ಗೆ ಅಷ್ಟರಲ್ಲಿ ಹೆಸರಿತ್ತು. ಊರ ಬಳಿ 80 ಅಡಿಯ ಡೈನೋಸಾರ್ ಒಂದನ್ನೂ ನಿಲ್ಲಿಸಿದರು.

ಮಗ ಬಿಲ್ ಕೂಡ ಫಾರ್ಮಸಿ ಓದಿ ಬಂದು ಅಂಗಡಿ ಬೆಳೆಸಿದ. ಅಪ್ಪ ಮಗ ಇಬ್ಬರೂ 1999ರಲ್ಲಿ ತೀರಿಕೊಂಡರು, ಟೆಡ್‌ಗೆ ಆಗ 96 ವರ್ಷ. ಇವತ್ತು ಅಲ್ಲಿ ಬೂಟು, ಟೋಪಿ, ಪುಸ್ತಕ, ಡೋನಟ್ ಎಲ್ಲ ಸಿಗುತ್ತೆ. ಕಾಫಿ ಇನ್ನೂ 5 ಸೆಂಟು. ಹಳೇ ಔಷಧಿ ಅಂಗಡಿಯ ಮಾದರಿಯನ್ನು ಒಂದು ಮೂಲೆಯಲ್ಲಿ ಮ್ಯೂಸಿಯಂ ಮಾಡಿಟ್ಟಿದ್ದಾರೆ. ಐಸ್ ನೀರಿಗೆ ಮಾತ್ರ ಇನ್ನೂ ಕಾಸಿಲ್ಲ.